ಉಪಕರಣ ಉತ್ತರ ಕೊಡದಿದ್ದಾಗ
(ತಾಂತ್ರಿಕ ವಿದ್ಯಾರ್ಥಿಗಳ ಶಿಬಿರದಲ್ಲಿ ಮಾಡಿದ ಭಾಷಣ)



ಉರ್ದು, ಕನ್ನಡ ಕಲಿಸುವ ಮೇಷ್ಟ್ರಿಗೆ ಲ್ಯಾಬಿನ ವಿಷಯ ಏನು ಗೊತ್ತು ಎಂದು ನಿಮಗೆ ಅನ್ನಿಸಬಹುದು. ಹೋದ ವರ್ಷ ನನ್ನ ಹಳೆಯ ವಿದ್ಯಾರ್ಥಿಗಳು ಮೂವರು, ಡಿಪ್ಲೊಮಾ ಕೊನೆಯ ವರ್ಷದವರು, ಇಂಗ್ಲಿಷ್ ಕೈಪಿಡಿ ಓದಿ ಹೇಳಲು ನನ್ನನ್ನು ತಮ್ಮ ಲ್ಯಾಬಿಗೆ ಕರೆದರು. ಪ್ರಾಜೆಕ್ಟ್ ತೋರಿಸಲು ಎರಡೇ ದಿನ ಉಳಿದಿತ್ತು. ಆಸಿಲೋಸ್ಕೋಪನ್ನು ಲ್ಯಾನ್ ಕೇಬಲ್ಲಿನಿಂದ ಕಂಪ್ಯೂಟರಿಗೆ ಜೋಡಿಸಿದ್ದರು, ಅಳತೆ ಮಾತ್ರ ಬರುತ್ತಿರಲಿಲ್ಲ. ಏನಾಯಿತೆಂದು ಕೇಳಿದರೆ "ಎರರ್ ಬಂತು ಸರ್" ಎಂದರು. ಯಾವ ಎರರ್ ಎಂದು ಮೂವರಲ್ಲಿ ಒಬ್ಬರೂ ಓದಿರಲಿಲ್ಲ. ಓದದೆಯೇ ಕೇಬಲ್ ಬದಲಿಸಿದ್ದರು, ಕಂಪ್ಯೂಟರಿನ ಫೈರ್‌ವಾಲ್ ಆಫ್ ಮಾಡಿದ್ದರು, ಉಪಕರಣದ ಲ್ಯಾನ್ ರೀಸೆಟ್ಟನ್ನೂ ಒತ್ತಿಬಿಟ್ಟಿದ್ದರು.

ಅವರು ಕೆಡಿಸಿಕೊಂಡದ್ದು ಅಲ್ಲಿಯೇ. ಲ್ಯಾಬಿನವರು ಆ ಉಪಕರಣಕ್ಕೆ 192.168.1.20 ಎಂಬ ವಿಳಾಸ ಕೊಟ್ಟಿದ್ದರು. ರೀಸೆಟ್ ಮಾಡಿದ ಮೇಲೆ ಅದು ಅಳಿಸಿಹೋಯಿತು. ವಿಳಾಸ ಹಂಚುವ ಡಿಎಚ್‌ಸಿಪಿ ಸರ್ವರ್ ಅಲ್ಲಿ ಇರಲಿಲ್ಲ. ಹಾಗಿದ್ದಾಗ ಯಂತ್ರ ತಾನೇ 169.254 ರಿಂದ ಆರಂಭವಾಗುವ ವಿಳಾಸವೊಂದನ್ನು ಹಾಕಿಕೊಳ್ಳುತ್ತದೆ. ಈ ಎರಡು ಅಂಕಿ ಕಂಡರೆ "ನನಗೆ ಯಾರೂ ವಿಳಾಸ ಕೊಟ್ಟಿಲ್ಲ" ಎಂದು ಯಂತ್ರ ಹೇಳುತ್ತಿದೆ ಎಂದು ತಿಳಿಯಿರಿ. ಕಂಪ್ಯೂಟರ್ ಮಾತ್ರ 192.168.1.10 ರಲ್ಲಿಯೇ ಇತ್ತು. ಇಬ್ಬರೂ ಬೇರೆ ಬೇರೆ ಮೊಹಲ್ಲಾದವರಾದರು.

ಕೇಬಲ್ ಸಿಕ್ಕಿಸಿದ ಜಾಗದ ಸಣ್ಣ ದೀಪ ಉರಿಯುತ್ತಿದೆಯೇ ಎಂದು ಮೊದಲು ನೋಡಿದೆವು. ಉರಿಯುತ್ತಿತ್ತು. ಆಮೇಲೆ ಹಳೆಯ ವಿಳಾಸಕ್ಕೆ ಪಿಂಗ್ ಮಾಡಿಸಿ, ಬಂದ ಸಾಲನ್ನು ಗಟ್ಟಿಯಾಗಿ ಓದಿಸಿದೆ. "ಡೆಸ್ಟಿನೇಷನ್ ಹೋಸ್ಟ್ ಅನ್‌ರೀಚಬಲ್" ಎಂದಿತ್ತು. ಹಾಗೆ ಹೇಳಿದ್ದು ಉಪಕರಣವಲ್ಲ, ಸಾಲಿನ ಮೊದಲಿಗೆ ಅವರ ಕಂಪ್ಯೂಟರಿನದೇ ವಿಳಾಸವಿತ್ತು! ಆ ವಿಳಾಸದವರು ಈ ಬೀದಿಯಲ್ಲಿ ಯಾರೂ ಇಲ್ಲ ಎಂದು ಅದರ ಅರ್ಥ. "ರಿಕ್ವೆಸ್ಟ್ ಟೈಮ್ಡ್ ಔಟ್" ಎಂದಿದ್ದರೆ ಕಾದರೂ ಉತ್ತರ ಬರಲಿಲ್ಲವೆಂದು, ನಡುವೆ ಫೈರ್‌ವಾಲ್ ತಡೆದಿರಲೂಬಹುದು. ಪ್ರೋಗ್ರಾಮಿನಲ್ಲಿ "ಕನೆಕ್ಷನ್ ರೆಫ್ಯೂಸ್ಡ್" ಎಂದು ಬಂದರೆ ಸಂತೋಷಪಡಬೇಕು. ಮನೆ ಸಿಕ್ಕಿದೆ, ನಾವು ತಟ್ಟಿದ ಬಾಗಿಲು ಬೇರೆ. ಅನೇಕ ಉಪಕರಣಗಳಲ್ಲಿ ಆಜ್ಞೆ ಕೇಳಿಸಿಕೊಳ್ಳುವ ಬಾಗಿಲು, ಅಂದರೆ ಪೋರ್ಟ್, 5025.

ವಿಳಾಸ ಸರಿಪಡಿಸಿದ ಮೇಲೆ ಪಿಂಗಿಗೆ ಉತ್ತರ ಬಂತು. ಹುಡುಗರು ಕುಣಿದರು. ನಾನು ಕೇಬಲ್ ಕಿತ್ತು ಇನ್ನೊಮ್ಮೆ ಪಿಂಗ್ ಮಾಡಿ ಎಂದೆ. ಕಿತ್ತ ಮೇಲೂ ಉತ್ತರ ಬಂದರೆ ಅದೇ ವಿಳಾಸದಲ್ಲಿ ಇನ್ನಾರೋ ಇದ್ದಾರೆ ಎಂದಾಗುತ್ತದೆ. ಉತ್ತರ ನಿಂತಿತು, ಒಳ್ಳೆಯದಾಯಿತು.

ಆದರೂ ಅಳತೆ ಬರಲಿಲ್ಲ! ಆಗ ಅವರು ಬರೆದ ಪ್ರೋಗ್ರಾಮನ್ನೇ ಪ್ರಬಂಧ ತಿದ್ದಿದಂತೆ ಓದಿದೆ. ಅಳತೆ ಕೇಳುವ ಆಜ್ಞೆಯ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಇರಲಿಲ್ಲ. ಆ ಚಿಹ್ನೆ ಇಲ್ಲದಿದ್ದರೆ ಉಪಕರಣ ಅದನ್ನು ಪ್ರಶ್ನೆ ಎಂದು ಎಣಿಸುವುದಿಲ್ಲ, ಉತ್ತರ ಕೊಡುವುದೂ ಇಲ್ಲ. ಕಂಪ್ಯೂಟರ್ ಕಾದು ಕಾದು ಟೈಮ್‌ಔಟ್ ಎನ್ನುತ್ತದೆ. ಸಾಕೆಟ್ ಮೂಲಕ ನೇರವಾಗಿ ಕಳಿಸುವವರು ಸಾಲಿನ ಕೊನೆಯ ನ್ಯೂಲೈನ್ ಬಿಟ್ಟರೂ ಇದೇ ಗತಿ. ಉರ್ದುವಿನಲ್ಲಿ ಖತ್ಮಾ ಹಾಕದೆ ವಾಕ್ಯ ಬಿಟ್ಟ ಹಾಗೆ, ಮಾತು ಮುಗಿಯಿತೆಂದು ಅದಕ್ಕೆ ತಿಳಿಯುವುದಿಲ್ಲ.

ಹಾಗಾದರೆ ಮೊದಲ ದಿನ ಅವರಿಗೆ ಬಂದದ್ದೂ ಈ ಟೈಮ್‌ಔಟೇ. ಪ್ರೋಗ್ರಾಮಿನ ಕಿಟಕಿಯನ್ನು ಮೇಲಕ್ಕೆ ಸರಿಸಿ ನೋಡಿದರೆ ಸಾಕ್ಷಿ ಅಲ್ಲಿಯೇ ಇತ್ತು. ನೆಟ್‌ವರ್ಕ್ ಆಗ ಸರಿಯಾಗಿಯೇ ಇತ್ತು. ಒಂದು ಚಿಹ್ನೆಗಾಗಿ ಎರಡು ದಿನ ಹೋಯಿತು, ಅದೇ ಉಪಕರಣ ಬೇಕಿದ್ದ ಇನ್ನೊಂದು ತಂಡದ ಹುಡುಗಿಯರ ಕೆಲಸವೂ ನಿಂತಿತು. ಅವರ ಹತ್ತಿರ ಮೂವರನ್ನೂ ಕಳಿಸಿ ಕ್ಷಮೆ ಕೇಳಿಸಿದೆ.

ನೀವು ಹೊಸ ಉಪಕರಣದ ಮುಂದೆ ಕೂತಾಗ ಮೊದಲು "ಸ್ಟಾರ್ ಐಡಿಎನ್", ಕೊನೆಗೆ ಪ್ರಶ್ನಾರ್ಥಕ ಚಿಹ್ನೆ, ಇಷ್ಟನ್ನೇ ಕಳಿಸಿ. 1987 ರ ಐಇಇಇ 488.2 ಮಾನದಂಡದಲ್ಲಿ ಬಂದ ಪ್ರಶ್ನೆ ಅದು. ತಯಾರಕರು, ಮಾಡೆಲ್, ಸೀರಿಯಲ್ ಸಂಖ್ಯೆ, ಫರ್ಮ್‌ವೇರ್ ಎಂದು ನಾಲ್ಕು ಉತ್ತರ ಬರುತ್ತವೆ. ಅದು ಬಂದರೆ ಕೇಬಲ್ಲನ್ನು ಮುಟ್ಟಬೇಡಿ, ನಿಮ್ಮ ಪ್ರೋಗ್ರಾಮನ್ನು ಓದಿ.

ಮೂರು ಸಂದೇಶಗಳನ್ನೂ ಹಲಗೆಯ ಮೇಲೆ ಬರೆದಿದ್ದೇನೆ. ಜುಹರ್ ನಮಾಜ್ ಮತ್ತು ಊಟದ ನಂತರ ಲ್ಯಾಪ್‌ಟಾಪ್ ತಂದವರು ಮುಂದಿನ ಬೆಂಚಿಗೆ ಬನ್ನಿ. ಕೇಬಲ್ ಕಿತ್ತು, ತಪ್ಪು ವಿಳಾಸ ಕೊಟ್ಟು, ಯಾವುದಕ್ಕೆ ಯಾವ ಸಂದೇಶ ಬರುತ್ತದೆಂದು ನೋಡೋಣ. ವಸ್ಸಲಾಮ್.