ಹಳೆಯ ಕುರ್ಚಿ, ಹೊಸ ಅಚ್ಚು



ಎರಡನೆಯ ಮಹಾಯುದ್ಧ ಮುಗಿದಿತ್ತು. ಅಮೆರಿಕದಲ್ಲಿ ಸೈನಿಕರು ಊರಿಗೆ ಮರಳಿ ಹೊಸ ಸಂಸಾರ ಹೂಡುತ್ತಿದ್ದರು. 1948ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಒಂದು ಸ್ಪರ್ಧೆ ಕರೆಯಿತು. ಕಡಿಮೆ ಬೆಲೆಯ ಪೀಠೋಪಕರಣ ರೂಪಿಸಿ ಕೊಡಬೇಕು, ಅಷ್ಟೇ. ಕ್ಯಾಲಿಫೋರ್ನಿಯಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ ತಮ್ಮ ತಂಡದೊಂದಿಗೆ ಕಳಿಸಿದ್ದು, ಬೆನ್ನು, ಆಸನ ಎರಡೂ ಒಂದೇ ಚಿಪ್ಪಿನಂತೆ ಬಾಗಿದ ಕುರ್ಚಿ. ಅದನ್ನು ಮಾಡಿದ್ದು ಅಚ್ಚಿನಲ್ಲಿ ಒತ್ತಿದ ಲೋಹದ ತಗಡಿನಲ್ಲಿ! ಇಂದು ಫೈಬರ್‌ಗ್ಲಾಸ್ ಇದ್ದರಷ್ಟೇ ಅಸಲಿ ಎನ್ನುವವರು ಇದನ್ನು ನೆನಪಿಡಬೇಕು.

ಲೋಹ ದುಬಾರಿ, ಮುಟ್ಟಿದರೆ ತಣ್ಣಗೆ. ಯುದ್ಧಕಾಲದಲ್ಲಿ ವಿಮಾನದ ರಾಡಾರ್‌ಗೆ ಫೈಬರ್‌ಗ್ಲಾಸ್ ಮುಚ್ಚಳ ಮಾಡುತ್ತಿದ್ದ ಜೆನಿತ್ ಪ್ಲಾಸ್ಟಿಕ್ಸ್ ಕೈಜೋಡಿಸಿತು. 1950ರಲ್ಲಿ ಹರ್ಮನ್ ಮಿಲ್ಲರ್ ಕಂಪನಿ ಫೈಬರ್‌ಗ್ಲಾಸಿನ ಚಿಪ್ಪಿನ ಕುರ್ಚಿಗಳನ್ನು ಮಾರಾಟಕ್ಕಿಟ್ಟಿತು. ಕೈಕಾಗದದಲ್ಲಿ ನಾರು ಕಾಣುವ ಹಾಗೆ, ಆ ಚಿಪ್ಪಿನ ಮೈಯಲ್ಲಿ ಗಾಜಿನ ಎಳೆಗಳು ಕಾಣುತ್ತಿದ್ದವು. ಬೆಳಕಿಗೆ ಹಿಡಿದರೆ ಒಂದೊಂದು ಕುರ್ಚಿಯದೂ ಒಂದೊಂದು ನೇಯ್ಗೆ. ಮೊದಮೊದಲಿನವುಗಳ ಅಂಚಿನೊಳಗೆ ಬಲಕ್ಕೆಂದು ಹಗ್ಗ ಹುದುಗಿಸಿದ್ದರು. ಕೆಲವೇ ವರ್ಷಗಳಲ್ಲಿ ಅದನ್ನು ಕೈಬಿಟ್ಟರು. ಸಂಗ್ರಾಹಕರು ಈಗ ಹುಡುಕಾಡುವುದು ಆ ಹಗ್ಗವನ್ನೇ.

ಆದರೆ ಫೈಬರ್‌ಗ್ಲಾಸಿಗೆ ಬಳಸುತ್ತಿದ್ದ ರಾಳದಿಂದ ಸ್ಟೈರೀನ್ ಎಂಬ ಹಾನಿಕರ ಆವಿ ಏಳುತ್ತಿತ್ತು; ಕೆಲಸಗಾರರು ಉಸಿರಾಡುತ್ತಿದ್ದುದು ಅದನ್ನೇ. ಒಡೆದ ಕುರ್ಚಿಯನ್ನು ಕರಗಿಸಿ ಮತ್ತೆ ಬಳಸುವ ಹಾಗೂ ಇರಲಿಲ್ಲ. 1990ರ ದಶಕದ ಹೊತ್ತಿಗೆ ತಯಾರಿಕೆ ನಿಂತಿತು. 2001ರಲ್ಲಿ ಅದೇ ಆಕಾರ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕಿನಲ್ಲಿ ಬಂತು. ಕರಗಿಸಿ ಮರುಬಳಸಬಹುದಾದ ವಸ್ತು, ಬಣ್ಣ ಎಲ್ಲೆಡೆ ಸಮ. ಎಳೆಗಳು ಮಾತ್ರ ಮಾಯ. ನನಗೆ ಅದು ದೊಡ್ಡ ನಷ್ಟವೆಂದೇ ಅನಿಸುತ್ತದೆ. ಆ ಕುರ್ಚಿಯ ಚೆಲುವು ಇದ್ದುದು ಅಲ್ಲೇ. 2013ರಲ್ಲಿ ಬೇರೆ ಬಗೆಯ ರಾಳ ಬಳಸಿ ಕಂಪನಿ ಫೈಬರ್‌ಗ್ಲಾಸನ್ನು ಮರಳಿ ತಂದಾಗ ಎಳೆಗಳೂ ಬಂದವು.

ಈಮ್ಸ್ ದಂಪತಿಯ 1956ರ ಒರಗುಕುರ್ಚಿಯ ಕಥೆ ಬೇರೆ. ಅದರ ಹೊದಿಕೆ ಬ್ರೆಜಿಲಿನ ರೋಸ್‌ವುಡ್, ನಮ್ಮ ಮಲೆನಾಡಿನ ಬೀಟೆಮರದ ದಾಯಾದಿ. ಕಾಡು ಬರಿದಾಗುತ್ತ ಬಂದು, 1992ರಲ್ಲಿ ಬ್ರೆಜಿಲಿನ ರೋಸ್‌ವುಡ್‌ನ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ತಡೆ ಬಿತ್ತು. ಇಂದು ಬೇರೆ ಮರಗಳ ಹೊದಿಕೆ ಹಾಕುತ್ತಾರೆ. ಇಲ್ಲಿ ನನಗೆ ಯಾವ ತಕರಾರೂ ಇಲ್ಲ. ಅಳಿವಿನಂಚಿನ ಮರವನ್ನು ಕಡಿದು ಅಸಲಿತನ ಕಾಯುವುದು ಬೇಡ.

ಚಿಪ್ಪಿನ ಕುರ್ಚಿಯ ವಿಷಯದಲ್ಲಿ ನನ್ನನ್ನು ಕಾಡುವುದು ಇನ್ನೊಂದು ಬದಲಾವಣೆ. ಲೋಹ ಬಿಟ್ಟದ್ದು ಹೆಚ್ಚು ಜನರಿಗೆ ಒಳ್ಳೆಯ ಕುರ್ಚಿ ಎಟುಕಲಿ ಎಂದೇ. ಇಂದಿನ ಮರುತಯಾರಿಯಲ್ಲಿ ಆಕಾರವಿದೆ, ಎಳೆಯಿದೆ, ಅಡಿಯಲ್ಲಿ ಕಂಪನಿಯ ಮುದ್ರೆಯೂ ಇದೆ. ಬೆಲೆ ನೂರಾರು ಡಾಲರ್. 1948ರ ಸ್ಪರ್ಧೆ ಕೇಳಿದ್ದು ಕಡಿಮೆ ಬೆಲೆಯ ಕುರ್ಚಿಯನ್ನು.