ಟರ್ಬೋ ಯಂತ್ರವೂ ಅದರ ಎಣ್ಣೆಯೂ



ದೂರದ ಸಂತೆಗೆ ಹೊರಡುವ ಮುನ್ನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಸವರದ ರೈತನು ನಮ್ಮ ನಾಡಿನಲ್ಲಿ ವಿರಳ. ಆ ಅಚ್ಚಿನ ಮೇಲೆ ಗಾಲಿಯು ನಿಮಿಷಕ್ಕೆ ಹತ್ತು ಹದಿನೈದು ಸುತ್ತು ತಿರುಗಿದರೆ ಹೆಚ್ಚಾಯಿತು. ಇಂದಿನ ವೇಗದ ಕಾರೊಂದರ ಟರ್ಬೋಚಾರ್ಜರಿನಲ್ಲಾದರೋ ಕಿರುಬೆರಳಿಗಿಂತ ದಪ್ಪವಲ್ಲದ ಉಕ್ಕಿನ ದಂಡವು ನಿಮಿಷಕ್ಕೆ ಒಂದೂವರೆ ಲಕ್ಷ, ಕೆಲವೊಮ್ಮೆ ಎರಡು ಲಕ್ಷ ಸುತ್ತುಗಳನ್ನು ತಿರುಗುತ್ತದೆ. ಅದರ ಒಂದು ತುದಿಯಲ್ಲಿ ಹೊರಗಿನ ಗಾಳಿಯನ್ನು ಹೀರತಕ್ಕ ಚಕ್ರ, ಇನ್ನೊಂದು ತುದಿಯಲ್ಲಿ 900 ಡಿಗ್ರಿ ಸೆಲ್ಸಿಯಸನ್ನೂ ಮೀರಿದ ಹೊಗೆಯ ಬಿರುಬಿನಲ್ಲಿ ಕೆಂಪಗೆ ಕಾಯತಕ್ಕ ಚಕ್ರ. ಇವೆರಡರ ನಡುವೆ ದಂಡವನ್ನು ಲೋಹಕ್ಕೆ ತಾಗದಂತೆ ಎತ್ತಿ ಹಿಡಿದಿರತಕ್ಕದ್ದು ಕೂದಲೆಳೆಗಿಂತ ತೆಳುವಾದ ಎಣ್ಣೆಯ ಪೊರೆಯೊಂದೇ. ಈ ಪೊರೆಯು ಇಷ್ಟು ಸಾಮರ್ಥ್ಯವನ್ನು ಗಳಿಸಿದ ಚರಿತ್ರೆಯನ್ನು ಈ ಹೊತ್ತು ಸ್ವಲ್ಪ ವಿಚಾರಿಸೋಣ. ಯಂತ್ರವು ಬೆಳೆದಂತೆಲ್ಲ ಎಣ್ಣೆಯ ಒಂದೊಂದು ದೋಷವು ಬಯಲಿಗೆ ಬಂದಿತು, ಆ ದೋಷವನ್ನು ನೀಗಿದ ಮೇಲೆಯೇ ಯಂತ್ರವು ಮುಂದಿನ ಹೆಜ್ಜೆಯನ್ನಿಟ್ಟಿತು ಎಂಬುದೇ ಈ ಚರಿತ್ರೆಯ ಸಾರ.

ಹತ್ತೊಂಬತ್ತನೆಯ ಶತಮಾನದ ನಡುಗಾಲದವರೆಗೂ ಯಂತ್ರಗಳಿಗೆ ಉಣಿಸುತ್ತಿದ್ದದ್ದು ಪ್ರಾಣಿಗಳ ಕೊಬ್ಬು ಮತ್ತು ಬೀಜದೆಣ್ಣೆಗಳು. ಉಗಿಯಂತ್ರದ ಸಿಲಿಂಡರಿನ ಕಾವಿನಲ್ಲಿ ಕೊಬ್ಬು ಒಡೆದು ಆಮ್ಲವಾಗಿ ಲೋಹವನ್ನೇ ತಿನ್ನುತ್ತಿತ್ತು. ವೈದ್ಯರಾಗಿದ್ದ ಜಾನ್ ಎಲಿಸ್ ಎಂಬವರು 1866ರಲ್ಲಿ ಅಮೆರಿಕದ ಬಿಂಗ್‌ಹ್ಯಾಮ್‌ಟನ್ ಪಟ್ಟಣದಲ್ಲಿ ಕಂಪೆನಿಯೊಂದನ್ನು ಸ್ಥಾಪಿಸಿ, ನೆಲದಿಂದ ತೆಗೆದ ಕಚ್ಚಾ ತೈಲದಿಂದಲೇ ಯಂತ್ರದ ಎಣ್ಣೆಯನ್ನು ಮಾಡಿ ಮಾರಿದರು. ವಾಲ್ವೊಲಿನ್ ಎಂಬ ಹೆಸರು ಹುಟ್ಟಿದ್ದು ಆ ಉದ್ಯಮದಿಂದಲೇ. ಆದರೂ ಬೀಜದೆಣ್ಣೆಯ ಕಾಲವು ಒಮ್ಮೆಲೇ ಮುಗಿಯಲಿಲ್ಲ. ಇಂಗ್ಲೆಂಡಿನ ಚಾರ್ಲ್ಸ್ ವೇಕ್‌ಫೀಲ್ಡರ ಕಂಪೆನಿಯು 1909ರಲ್ಲಿ ಹರಳೆಣ್ಣೆಯನ್ನು ಬೆರೆಸಿ ಕ್ಯಾಸ್ಟ್ರಾಲ್ ಎಂಬ ಎಣ್ಣೆಯನ್ನು ಹೊರಡಿಸಿತು. ಮೊದಲನೆಯ ಮಹಾಯುದ್ಧದ ವಿಮಾನಗಳ ಸುತ್ತುವ ಯಂತ್ರಗಳು ಹರಳೆಣ್ಣೆಯನ್ನೇ ನೆಚ್ಚಿದ್ದವು. ನಮ್ಮ ಅಜ್ಜಿಯರ ಕಾಲದ ಮದ್ದೂ ದೀಪದ ಎಣ್ಣೆಯೂ ಆಗಿದ್ದ ಹರಳೆಣ್ಣೆಯು ಕಾದ ಲೋಹಕ್ಕೆ ಬಿಗಿಯಾಗಿ ಅಂಟಿಕೊಳ್ಳುವ ಗುಣದಲ್ಲಿ ಅದ್ವಿತೀಯವಾದದ್ದು. ಕೆಲವು ಕಾಲ ಕಾದೊಡನೆ ಗೋಂದಿನಂತೆ ಗಟ್ಟಿಯಾಗಿ ಕೀಲುಗಳನ್ನು ಕಟ್ಟಿಹಾಕುವ ದೋಷದಲ್ಲಿಯೂ ಅಷ್ಟೇ ಹೆಸರಾದದ್ದು.

ಎಣ್ಣೆಯ ತೆಳುವು ಗಟ್ಟಿಗಳಿಗೆ ಒಂದು ಲೆಕ್ಕವನ್ನು ಕಟ್ಟಿಕೊಟ್ಟದ್ದು ಅಮೆರಿಕದ ಮೋಟಾರು ಎಂಜಿನಿಯರುಗಳ ಸಂಘ. ಎಸ್‌ಎಇ ಎಂದು ಡಬ್ಬಿಗಳ ಮೇಲೆ ನಾವು ಕಾಣುವ ಅಕ್ಷರಗಳು ಅದರವೇ. 1911ರಲ್ಲಿ ಆರಂಭವಾದ ಆ ವರ್ಗೀಕರಣಕ್ಕೆ ಚಳಿಗಾಲದ ಗುರುತಾದ ಡಬ್ಲ್ಯು ಅಕ್ಷರವು ಸೇರಿದ್ದು 1930ರ ದಶಕದಲ್ಲಿ. 1950ರ ದಶಕದಲ್ಲಿ, ಕಾವೇರಿದಂತೆ ಹರವಾಗಿ ಬಿಚ್ಚಿಕೊಂಡು ಎಣ್ಣೆಯು ತೀರ ತೆಳುವಾಗುವುದನ್ನು ತಡೆಯತಕ್ಕ ಪಾಲಿಮರುಗಳನ್ನು ಬೆರೆಸಿ, ಚಳಿಯಲ್ಲಿ ಹರಿಯುವ ಮತ್ತು ಕಾವಿನಲ್ಲಿ ನಿಲ್ಲುವ ಎರಡು ಗುಣಗಳನ್ನೂ ಒಂದೇ ಡಬ್ಬಿಯಲ್ಲಿ ತುಂಬಿದ ಮಲ್ಟಿಗ್ರೇಡ್ ಎಣ್ಣೆಗಳು ಪೇಟೆಗೆ ಬಂದವು. ಇಂದಿನ 5ಡಬ್ಲ್ಯು-30 ಎಂಬುದರಲ್ಲಿ ಮೊದಲ ಅಂಕೆಯು ತಣ್ಣಗಿರುವ ಯಂತ್ರವು ಹೊರಡುವಾಗಿನ ಹರಿವನ್ನೂ, ಎರಡನೆಯ ಅಂಕೆಯು 100 ಡಿಗ್ರಿಯಲ್ಲಿನ ಸ್ನಿಗ್ಧತೆಯನ್ನೂ ಸೂಚಿಸುತ್ತದೆ.

ಇದಕ್ಕಿಂತಲೂ ಮಹತ್ತಾದ ಇನ್ನೊಂದು ಪರಿವರ್ತನೆಯು ಡೀಸೆಲ್ ಟ್ರಾಕ್ಟರುಗಳ ದೆಸೆಯಿಂದ ಸಂಭವಿಸಿತು. 1930ರ ದಶಕದ ಮಧ್ಯದಲ್ಲಿ ಕ್ಯಾಟರ್‌ಪಿಲ್ಲರ್ ಕಂಪೆನಿಯ ಡೀಸೆಲ್ ಯಂತ್ರಗಳ ಪಿಸ್ಟನ್ ರಿಂಗುಗಳು ಕರಕು ಹಿಡಿದು ಅಂಟಿಕೊಳ್ಳಲಾರಂಭಿಸಿದಾಗ, ಕ್ಯಾಲಿಫೋರ್ನಿಯಾದ ರಸಾಯನಜ್ಞರು ಮಸಿಯನ್ನು ಲೋಹದ ಮೇಲೆ ಕೂರಗೊಡದೆ ಎಣ್ಣೆಯೊಳಗೇ ತೇಲಿಸಿಡತಕ್ಕ ಶೋಧಕ ದ್ರವ್ಯಗಳನ್ನು ಅದಕ್ಕೆ ಬೆರೆಸಿದರು. ಅಂದಿನಿಂದ ಎಣ್ಣೆಯು ಜಾರಿಸುವ ಕೆಲಸದೊಡನೆ ತೊಳೆಯುವ ಕೆಲಸವನ್ನೂ ಹೊತ್ತಿತು. ಕಪ್ಪಾದ ಎಣ್ಣೆಯು ಕೆಟ್ಟ ಎಣ್ಣೆಯೇ ಎಂಬ ಹಳೆಯ ನಂಬಿಕೆಯು ಅಂದಿಗೇ ಸುಳ್ಳಾಯಿತು. ಡಿಪ್‌ಸ್ಟಿಕ್ಕಿನ ಮೇಲೆ ಕಾಣುವ ಕಪ್ಪು ಅನೇಕ ವೇಳೆ ಎಣ್ಣೆಯು ಮಾಡಿದ ಸೇವೆಯ ಗುರುತು.

ಇನ್ನು ಟರ್ಬೋಚಾರ್ಜರಿನ ಕಥೆ. ಯಂತ್ರದಿಂದ ವ್ಯರ್ಥವಾಗಿ ಹೊರಹೋಗುವ ಹೊಗೆಯ ಬಲದಿಂದಲೇ ಗಾಳಿಯನ್ನು ಒತ್ತಿ ಯಂತ್ರದೊಳಗೆ ತುಂಬಬಹುದೆಂಬ ಯೋಚನೆಗೆ ಸ್ವಿಟ್ಜರ್‌ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲಿಯೇ ಪೇಟೆಂಟು ಪಡೆದಿದ್ದರು. 1918ರಲ್ಲಿ ಸ್ಯಾನ್‌ಫರ್ಡ್ ಮಾಸ್ ಅವರು ಕೊಲೊರಾಡೊದ ಪೈಕ್ಸ್ ಶಿಖರಕ್ಕೆ ವಿಮಾನದ ಯಂತ್ರವೊಂದನ್ನು ಸಾಗಿಸಿ, ಸುಮಾರು 14,000 ಅಡಿಗಳ ಎತ್ತರದ ತೆಳುಗಾಳಿಯಲ್ಲಿ ಕುಂದಿದ ಶಕ್ತಿಯನ್ನು ಟರ್ಬೋ ಹಿಂದಿರುಗಿಸಬಲ್ಲದೆಂದು ತೋರಿಸಿಕೊಟ್ಟರು. 1920ರ ದಶಕದಲ್ಲಿ ಜರ್ಮನಿಯ ಎರಡು ಹಡಗುಗಳ ಡೀಸೆಲ್ ಯಂತ್ರಗಳು ಬ್ಯೂಖಿಯವರ ವಿಧಾನದಿಂದ 1,750 ಅಶ್ವಶಕ್ತಿಯಿಂದ 2,500ಕ್ಕೆ ಏರಿದವು. ಹಡಗಿನ ಯಂತ್ರವು ದಿನಗಟ್ಟಲೆ ಒಂದೇ ಗತಿಯಲ್ಲಿ ಓಡುತ್ತದೆ, ಅದನ್ನು ನೋಡಿಕೊಳ್ಳಲು ಬಲ್ಲ ಜನರಿರುತ್ತಾರೆ. ಕಾರಿನ ಯಂತ್ರವಾದರೋ ಈಗ ಹಾರುತ್ತದೆ, ಈಗ ನಿಲ್ಲುತ್ತದೆ; ನೋಡಿಕೊಳ್ಳುವವನು ಯಂತ್ರವಿದ್ಯೆಯನ್ನು ಅರಿಯದ ಗೃಹಸ್ಥ.

1962ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬಿಲ್ ಜೆಟ್‌ಫೈರ್ ಮತ್ತು ಶೆವ್ರೊಲೆ ಕಾರ್ವೇರ್ ಮಾಂಜಾ ಸ್ಪೈಡರ್ ಎಂಬ ಕಾರುಗಳು ಟರ್ಬೋವನ್ನು ಪೇಟೆಗೆ ತಂದವು. ಯುರೋಪಿನಲ್ಲಿ 1973ರ ಬಿಎಂಡಬ್ಲ್ಯು 2002 ಟರ್ಬೋ, 1975ರ ಪೋರ್ಶೆ 911 ಟರ್ಬೋ, ಅವುಗಳ ಬೆನ್ನಿಗೇ ಸಾಬ್ 99 ಟರ್ಬೋ ಬಂದವು. ನೀರಿನ ಬದಲು ಗಾಳಿಯಿಂದಲೂ ಎಣ್ಣೆಯಿಂದಲೂ ತಂಪಾಗುತ್ತಿದ್ದ ಆ ಪೋರ್ಶೆಯು ಹತ್ತು ಲೀಟರಿಗೂ ಮಿಗಿಲಾದ ಎಣ್ಣೆಯನ್ನು ಹೊತ್ತು ತಿರುಗುತ್ತಿತ್ತು.

ಎಣ್ಣೆಯ ಬಹು ದೊಡ್ಡ ದೋಷವು ಬಯಲಾದದ್ದು ಈ ಕಾರುಗಳಲ್ಲಿ. ಹೆದ್ದಾರಿಯಲ್ಲಿ ಭರದಿಂದ ಬಂದವನು ಮನೆಯ ಮುಂದೆ ಕಾರನ್ನು ನಿಲ್ಲಿಸಿ ತಟ್ಟನೆ ಕೀಲಿ ತಿರುಗಿಸಿದನೆನ್ನಿ. ಯಂತ್ರ ನಿಂತೊಡನೆ ಎಣ್ಣೆಯ ಪಂಪೂ ನಿಲ್ಲುತ್ತದೆ. ಕೆಂಡದಂತಿರುವ ಚಕ್ರದ ಕಾವು ದಂಡದ ಗುಂಟ ಬೇರಿಂಗಿಗೆ ಇಳಿಯುತ್ತದೆ. ಅಲ್ಲಿ ಸಿಕ್ಕಿಬಿದ್ದ ಎಣ್ಣೆಯು, ಮರೆತು ಒಲೆಯ ಮೇಲೆ ಬಿಟ್ಟ ಬಾಣಲೆಯ ಎಣ್ಣೆಯಂತೆ, ಸೀದು ಕಲ್ಲಿನಂಥ ಕರಕಾಗುತ್ತದೆ. ದಿನವೂ ಹೀಗಾಗುತ್ತಿದ್ದರೆ ಎಣ್ಣೆಯ ಕಿರುದಾರಿಗಳು ಮುಚ್ಚಿ, ಒಂದು ದಿನ ದಂಡವು ಒಣಗಿದ ಬೇರಿಂಗಿನಲ್ಲಿ ತಿರುಗಿ ಸವೆದುಹೋಗುತ್ತದೆ. ಹೀಗಾಗಿ ಯಂತ್ರವನ್ನು ನಿಲ್ಲಿಸುವ ಮುನ್ನ ಒಂದೆರಡು ನಿಮಿಷ ಸುಮ್ಮನೆ ಓಡಗೊಡಬೇಕೆಂಬ ಪಾಠವು ಹುಟ್ಟಿತು. 1980ರ ದಶಕದಲ್ಲಿ ಬೇರಿಂಗಿನ ಮನೆಯ ಸುತ್ತ ನೀರು ಹರಿಸುವ ಪದ್ಧತಿಯು ಹಬ್ಬಿದ ಮೇಲೆ ಅಪಾಯವು ಬಹುಮಟ್ಟಿಗೆ ತಗ್ಗಿತು. ಆದರೂ ಘಾಟಿಯನ್ನು ಭರದಿಂದ ಹತ್ತಿಬಂದ ಯಂತ್ರಕ್ಕೆ ಆ ವಿಶ್ರಾಂತಿಯು ಇಂದಿಗೂ ಹಿತವೇ.

ದೋಷದ ಇನ್ನೊಂದು ಪರಿಹಾರವು ಎಣ್ಣೆಯಲ್ಲಿಯೇ ದೊರೆಯಿತು. ಎರಡನೆಯ ಮಹಾಯುದ್ಧದ ಆಸುಪಾಸಿನಲ್ಲಿ ಜರ್ಮನಿಯ ಹರ್ಮನ್ ಜೋರ್ನ್ ಎಸ್ಟರು ಎಂಬ ಸಂಯುಕ್ತಗಳಿಂದ ಕೃತಕ ಎಣ್ಣೆಗಳನ್ನು ರಚಿಸಿದ್ದರು. ಯುದ್ಧಾನಂತರ ಜೆಟ್ ವಿಮಾನಗಳ ಟರ್ಬೈನುಗಳು ಆ ಬಗೆಯ ಎಣ್ಣೆಗಳನ್ನೇ ಅವಲಂಬಿಸಿದವು. ಕಚ್ಚಾ ತೈಲದಿಂದ ಬೇರ್ಪಡಿಸಿದ ಎಣ್ಣೆಯಲ್ಲಿ ನಾನಾ ಗಾತ್ರದ ಅಣುಗಳು ಬೆರೆತಿರುತ್ತವೆ, ದುರ್ಬಲವಾದವು ಮೊದಲು ಸೀಯುತ್ತವೆ. ರಚಿಸಿದ ಎಣ್ಣೆಯಲ್ಲಾದರೋ ಬೇಕಾದ ಅಣುಗಳನ್ನೇ ಒಂದೇ ತೆರನಾಗಿ ಕಟ್ಟಬಹುದು. 1974ರಲ್ಲಿ ಮೊಬಿಲ್ 1 ಅಮೆರಿಕದ ಪೇಟೆಗೆ ಬಂದುದರೊಂದಿಗೆ ಸಿಂಥೆಟಿಕ್ ಎಣ್ಣೆಯು ಸಾಮಾನ್ಯ ಕಾರುಗಳಿಗೂ ಎಟುಕಿತು. ಅತ್ತ ಕಾರೋಟದ ಕಣದಲ್ಲಿಯೂ ಟರ್ಬೋ ಕಾಲಿಟ್ಟಿತು: 1977ರಲ್ಲಿ ಇಂಗ್ಲೆಂಡಿನ ಸಿಲ್ವರ್‌ಸ್ಟೋನಿನ ಪಂದ್ಯಕ್ಕೆ ರೆನೊ ಕಂಪೆನಿಯು ತಂದ ಟರ್ಬೋ ಕಾರು ಹೊಗೆಯುಗುಳಿ ನಿಂತು ಹಳದಿ ಟೀಪಾಟೆಂಬ ಪರಿಹಾಸಕ್ಕೆ ಗುರಿಯಾದರೂ, ಎರಡೇ ವರ್ಷಗಳಲ್ಲಿ ಆ ಕಂಪೆನಿಯ ಟರ್ಬೋ ಕಾರು ಫ್ರಾನ್ಸಿನ ದಿಜೋನಿನಲ್ಲಿ ಗೆದ್ದಿತು. 1980ರ ದಶಕದ ನಡುವಿಗೆ ಒಂದೂವರೆ ಲೀಟರಿನ ಯಂತ್ರಗಳು ಅರ್ಹತಾ ಸುತ್ತಿನಲ್ಲಿ ಸಾವಿರ ಅಶ್ವಶಕ್ತಿಯನ್ನು ಮೀರಿದ್ದವು.

ನಮ್ಮ ಕಾಲದ ತೊಡಕು ಬೇರೊಂದು ಬಗೆಯದು. ಪೆಟ್ರೋಲನ್ನು ನೇರವಾಗಿ ಸಿಲಿಂಡರಿಗೆ ಚಿಮ್ಮಿಸತಕ್ಕ ಚಿಕ್ಕ ಟರ್ಬೋ ಯಂತ್ರಗಳಲ್ಲಿ, ಪೆಟ್ರೋಲು ಗೋಡೆಯ ಎಣ್ಣೆಯೊಡನೆ ಬೆರೆತ ಹನಿಗಳು ಕಡಿಮೆ ವೇಗದ, ಹೆಚ್ಚು ಒತ್ತಡದ ಸಮಯದಲ್ಲಿ ಕಿಡಿಗಿಂತ ಮೊದಲೇ ಹೊತ್ತಿಕೊಂಡು ಪಿಸ್ಟನ್ನನ್ನೇ ಒಡೆಯಬಲ್ಲವೆಂಬುದು ಕಂಡುಬಂದಿತು. ವಿಚಾರಿಸಿದಾಗ, ಮೂರು ತಲೆಮಾರುಗಳಿಂದ ಉಪಕಾರಿಯಾಗಿದ್ದ ಕ್ಯಾಲ್ಸಿಯಮ್ ಶೋಧಕಗಳೇ ಈ ಅಕಾಲದ ದಹನವನ್ನು ಪ್ರೇರಿಸುವುವೆಂದು ತಿಳಿಯಿತು. ಕ್ಯಾಲ್ಸಿಯಮ್ಮಿನ ಒಂದಂಶವನ್ನು ತೆಗೆದು ಮೆಗ್ನೀಷಿಯಮ್ಮನ್ನು ಸೇರಿಸಿದ ಎಣ್ಣೆಗಳು ರೂಢಿಗೆ ಬಂದವು. ಅಕಾಲದ ದಹನವನ್ನು ತಡೆಯುವ ಪರೀಕ್ಷೆಯಲ್ಲಿ ತೇರ್ಗಡೆಯಾದ ಎಣ್ಣೆಗಳಿಗೆ ಅಮೆರಿಕದ ಪೆಟ್ರೋಲಿಯಮ್ ಸಂಸ್ಥೆಯಾದ ಎಪಿಐಯಿಂದ 2018ರಲ್ಲಿ ಎಸ್‌ಎನ್ ಪ್ಲಸ್, 2020ರಲ್ಲಿ ಎಸ್‌ಪಿ ಎಂಬ ಗುರುತುಗಳು ದೊರೆತವು.

ಇಷ್ಟನ್ನು ತಿಳಿದವರಿಗೆ ಎಣ್ಣೆಯ ಆಯ್ಕೆಯೂ ಅದರ ಸ್ಥಿತಿಯ ಪರೀಕ್ಷೆಯೂ ಒಂದೇ ವಿಚಾರದ ಎರಡು ಮುಖಗಳಾಗಿ ಕಾಣುತ್ತವೆ. ನಮ್ಮದು ಉಷ್ಣದೇಶ, ಗಟ್ಟಿ ಎಣ್ಣೆಯೇ ಲೇಸೆಂಬ ಮಾತು ಗ್ಯಾರೇಜುಗಳಲ್ಲಿ ಕೇಳಿಬರುತ್ತದೆ. ಕಲಬುರಗಿಯ ವೈಶಾಖದ ಬಿಸಿಲು 42 ಡಿಗ್ರಿಯಾದರೂ, ಬಿಸಿಯೇರಿದ ಯಂತ್ರದೊಳಗಿನ ಎಣ್ಣೆಯು ಅಲ್ಲಿಯೂ ಮಡಿಕೇರಿಯಲ್ಲಿಯೂ ಸುಮಾರು 100 ಡಿಗ್ರಿಯ ನೆರೆಯಲ್ಲಿಯೇ ಇರುತ್ತದೆ. ವಿಚಾರಿಸತಕ್ಕದ್ದು ಬೇರಿಂಗಿನ ಬಿಗುಪಿನಲ್ಲಿ, 150 ಡಿಗ್ರಿಯ ಕಾವಿನಲ್ಲಿ ಪೊರೆಯು ಎಷ್ಟು ಗಟ್ಟಿಯಾಗಿ ನಿಲ್ಲುತ್ತದೆಂಬುದನ್ನು. ಯುರೋಪಿನ ವಾಹನ ತಯಾರಕರ ಸಂಘವಾದ ಎಸಿಇಎಯ ಎ3/ಬಿ4 ವರ್ಗವು ಈ ಅಳತೆಯಲ್ಲಿ ಕನಿಷ್ಠ 3.5 ಮಿಲಿಪಾಸ್ಕಲ್-ಸೆಕೆಂಡನ್ನು ಕೇಳುತ್ತದೆ, 20 ಗ್ರೇಡಿನ ಎಣ್ಣೆಗೆ 2.6 ಸಾಕು. ಯಾವುದು ತಕ್ಕದ್ದೆಂಬುದನ್ನು ಬೇರಿಂಗಿನ ಸಂದನ್ನು ಅಳೆದು ಯಂತ್ರವನ್ನು ರಚಿಸಿದವರೇ ಕೈಪಿಡಿಯಲ್ಲಿ ಬರೆದಿರುತ್ತಾರೆ. ಆ ಬರಹವನ್ನು ಬಿಟ್ಟು ಡಬ್ಬಿಯ ಬಣ್ಣಕ್ಕೆ ಮರುಳಾಗುವುದು ಜಾಣತನವಲ್ಲ.

ಒಳ್ಳೆಯ ಎಣ್ಣೆಯೂ ನಿತ್ಯವಲ್ಲ. ಪಾಲಿಮರುಗಳು ತುಂಡಾಗಿ 40 ಗ್ರೇಡಿನ ಎಣ್ಣೆಯು 30ಕ್ಕೆ ಇಳಿಯುತ್ತದೆ. ಆಮ್ಲವನ್ನು ತಣಿಸುವ ಪ್ರತ್ಯಾಮ್ಲದ ಸಂಗ್ರಹವು ಕರಗುತ್ತದೆ. ಪೆಟ್ರೋಲು ಬೆರೆತು ಎಣ್ಣೆ ತೆಳುವಾಗುತ್ತದೆ. ಬೆಂಗಳೂರಿನ ದಟ್ಟಣೆಯಲ್ಲಿ ಮೂರು ನಾಲ್ಕು ಕಿಲೋಮೀಟರು ತೆವಳಿ ನಿಲ್ಲುವ ಕಾರಿನಲ್ಲಿ, ಬೆರೆತ ಪೆಟ್ರೋಲೂ ನೀರೂ ಆವಿಯಾಗಿ ಹೋಗುವಷ್ಟು ಕಾವು ಏರುವುದೇ ಇಲ್ಲ. ಅಂಥ ಕಾರಿಗೆ ಕಿಲೋಮೀಟರುಗಳ ಲೆಕ್ಕಕ್ಕಿಂತ ತಿಂಗಳುಗಳ ಲೆಕ್ಕವೇ ಮುಖ್ಯ. ಅಮೆರಿಕದ ಡೆನ್ವರ್ ಅಂಡ್ ರಿಯೊ ಗ್ರಾಂಡ್ ರೈಲ್ವೆಯು 1940ರ ದಶಕದಲ್ಲಿಯೇ ತನ್ನ ಡೀಸೆಲ್ ಯಂತ್ರಗಳ ಹಳೆಯ ಎಣ್ಣೆಯನ್ನು ವರ್ಣಪಟಲದಲ್ಲಿ ಪರೀಕ್ಷಿಸಿ, ಅದರಲ್ಲಿ ಕಾಣುವ ಕಬ್ಬಿಣ ತಾಮ್ರಗಳ ಅಂಶದಿಂದ ಯಾವ ಅಂಗವು ಸವೆಯುತ್ತಿದೆಯೆಂದು ಬಿಚ್ಚದೆಯೇ ಅರಿಯುತ್ತಿತ್ತು. ಇಂದು ಅದೇ ಪರೀಕ್ಷೆಯನ್ನು ಒಂದು ಚಿಕ್ಕ ಸೀಸೆಯ ಎಣ್ಣೆಯಿಂದ ಯಾರಾದರೂ ಮಾಡಿಸಿಕೊಳ್ಳಬಹುದು.

ಎಣ್ಣೆಯನ್ನು ಯಂತ್ರಕ್ಕೆ ಮಾಡುವ ಉಪಚಾರವೆಂದು ಬಗೆದವನು ಅದರಲ್ಲಿ ಉಳಿತಾಯವನ್ನು ಹುಡುಕುತ್ತಾನೆ. ಯಂತ್ರದ ಅಂಗವೆಂದು ಬಗೆದವನು ಬೇರಿಂಗನ್ನು ಆರಿಸುವಷ್ಟೇ ಎಚ್ಚರದಿಂದ ಅದನ್ನು ಆರಿಸಿ, ಸವೆದಾಗ ಬದಲಿಸುತ್ತಾನೆ. ಶತಮಾನಕ್ಕೂ ಮಿಕ್ಕ ಈ ಚರಿತ್ರೆಯು ಎರಡನೆಯವನ ಪಕ್ಷವನ್ನೇ ವಹಿಸುತ್ತದೆ.