ಅರಿಯದೆ ಮಾರುವವರು, ಅರಿತು ಕೊಳ್ಳುವವರು

(ಶ್ರೀಮಠದ ಶಾಖೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

॥ ಶ್ರೀಗುರುಭ್ಯೋ ನಮಃ ಹರಿಃ ಓಂ ॥



ಶ್ರೀಪುರಂದರದಾಸರ ಪೂರ್ವಜೀವನದ ಕಥೆಯನ್ನು ಕೇಳದವರು ಈ ಸಭೆಯಲ್ಲಿ ಇರಲಾರರು. ಜಿಪುಣರೆನಿಸಿದ್ದ ಶ್ರೀನಿವಾಸ ನಾಯಕರ ಅಂಗಡಿಗೆ ಬಡ ಬ್ರಾಹ್ಮಣನೊಬ್ಬನು ಮಗನ ಉಪನಯನಕ್ಕೆಂದು ಧನ ಬೇಡಿ ಬಂದದ್ದು, ದಿನದಿನವೂ ಅಲೆದಾಡಿಸಿಕೊಂಡು ಕೊನೆಗೆ ಸವಕಲು ನಾಣ್ಯದ ರಾಶಿಯನ್ನು ಕಂಡದ್ದು, ನಾಯಕರ ಪತ್ನಿ ಸರಸ್ವತೀಬಾಯಿಯವರು ತಮ್ಮ ಮೂಗುತಿಯನ್ನೇ ಬಿಚ್ಚಿ ಕೊಟ್ಟದ್ದು, ಅವನು ಅದನ್ನು ಹಣಕ್ಕಾಗಿ ಅದೇ ಅಂಗಡಿಗೆ ತಂದದ್ದು, ಇವೆಲ್ಲವೂ ಸಂಪ್ರದಾಯದಲ್ಲಿ ಪ್ರಸಿದ್ಧ. ಕೀರ್ತನಕಾರರು ಇಲ್ಲಿಂದ ವಿಷದ ಬಟ್ಟಲಿನ ಪ್ರಸಂಗಕ್ಕೆ ಬೇಗನೆ ಸಾಗುತ್ತಾರೆ. ಅದು ಸಹಜವೂ ಹೌದು. ಇಂದಿನ ವಿಷಯವಾದರೋ ಆ ಅಂಗಡಿಯ ಕಟ್ಟೆಯ ಬಳಿಯೇ ನಿಲ್ಲುವಂಥದು. ಒಬ್ಬನ ಕೈಯಲ್ಲಿ ಒಡವೆ, ಮನಸ್ಸಿನಲ್ಲಿ ಹಣದ ಅವಸರ. ಇನ್ನೊಬ್ಬನಿಗೆ ಆ ಒಡವೆಯ ಬೆಲೆ ಗೊತ್ತು. ಇಬ್ಬರ ನಡುವೆ ಬೆಲೆಪಟ್ಟಿಯೂ ಇಲ್ಲ, ಸಾಕ್ಷಿಯೂ ಇಲ್ಲ. ಇಂಥ ಕಟ್ಟೆ ಇಂದು ಮುಂಬಯಿ, ಪುಣೆ, ಚೆನ್ನೈ ನಗರಗಳ ಮಾಧ್ವ ಕುಟುಂಬಗಳ ಹೊಸ್ತಿಲಿಗೇ ಬಂದಿದೆ.

ಕಾರಣ ಸರಳ. ಉದ್ಯೋಗಕ್ಕಾಗಿ ಊರು ಬಿಟ್ಟು ಬಂದ ತಲೆಮಾರು ತನ್ನೊಡನೆ ಹಂಡೆ, ತಂಬಿಗೆ, ಕಂಚಿನ ತಟ್ಟೆ, ಜರಿಯ ಪಟ್ಟೆಸೀರೆ, ದೇವರ ಪಟ, ಪುಸ್ತಕಗಳನ್ನು ತಂದಿತ್ತು. ಚಾಳು ಹೋಗಿ ಫ್ಲ್ಯಾಟು ಬಂತು; ಫ್ಲ್ಯಾಟಿನ ಕಟ್ಟಡವೂ ಈಗ ಪುನರ್ನಿರ್ಮಾಣಕ್ಕೆ ಹೋಗುತ್ತಿದೆ. ಮಕ್ಕಳು ಪರದೇಶದಲ್ಲಿ. ಮನೆ ತೆರವು ಮಾಡಬೇಕಾದ ವೃದ್ಧೆಯೊಬ್ಬರು ಗುಜರಿಯವನನ್ನು, ಮುಂಬಯಿಯ ಮಾತಿನಲ್ಲಿ ಭಂಗಾರಿನವನನ್ನು, ಕರೆಸುತ್ತಾರೆ. ಮೂರು ತಲೆಮಾರಿನ ವಸ್ತುಗಳು ಒಂದು ಮಧ್ಯಾಹ್ನದೊಳಗೆ ತಕ್ಕಡಿಯೇರುತ್ತವೆ.

ಏನು ತಕ್ಕಡಿಯೇರಿತೆಂಬುದನ್ನು ಸ್ವಲ್ಪ ನೋಡಬೇಕು. ಹಿತ್ತಾಳೆಯು ತಾಮ್ರ ಮತ್ತು ಸತುವಿನ ಮಿಶ್ರಣ. ಕಂಚು ತಾಮ್ರ ಮತ್ತು ತವರದ ಮಿಶ್ರಣ. ಊಟದ ಕಂಚಿನಲ್ಲಿ ನೂರಕ್ಕೆ ಸುಮಾರು 78 ಪಾಲು ತಾಮ್ರ, 22 ಪಾಲು ತವರ. ಸತು ತಾಮ್ರಕ್ಕಿಂತ ಬಹಳ ಅಗ್ಗ. ತವರ ತಾಮ್ರಕ್ಕಿಂತ ತುಟ್ಟಿ. ಆದ್ದರಿಂದ ಕಂಚಿನ ತಟ್ಟೆಯನ್ನು ಹಿತ್ತಾಳೆಯ ದರದಲ್ಲಿ ತೂಗಿಸಿಕೊಂಡವನು, ಕಲೆಯ ಬೆಲೆಯ ಮಾತು ಹಾಗಿರಲಿ, ಲೋಹದಲ್ಲಿಯೇ ಲಾಭ ಪಡೆದಿರುತ್ತಾನೆ. ಹಳೆಯ ಅಸಲು ಜರಿಯೂ ಹಾಗೆಯೇ. ರೇಷ್ಮೆಯ ದಾರಕ್ಕೆ ಬೆಳ್ಳಿಯ ತಂತಿ ಸುತ್ತಿ, ಅದರ ಮೇಲೆ ಚಿನ್ನದ ಲೇಪ ಕೊಟ್ಟ ಎಳೆ ಅದು. ಹರಿದ ಸೀರೆಯೆಂದು ಅದನ್ನು ಒಂದು ಸ್ಟೀಲ್ ಡಬ್ಬಿಗೆ ಬದಲಾಗಿ ಕೊಟ್ಟ ಗೃಹಿಣಿಯರು ಅನೇಕರು. ರಾಜಾ ರವಿವರ್ಮನ ಮುದ್ರಣಾಲಯ 1894ರಲ್ಲಿ ಮುಂಬಯಿಯಲ್ಲಿಯೇ ಆರಂಭವಾಯಿತು, ಮುಂದೆ ಲೋಣಾವಳದ ಬಳಿಯ ಮಳವಲಿಗೆ ಹೋಯಿತು. ಅಲ್ಲಿ ಅಚ್ಚಾದ ಲಕ್ಷ್ಮೀ ಸರಸ್ವತಿಯರ ಪಟಗಳು ಗೆದ್ದಲು ಹಿಡಿದ ಚೌಕಟ್ಟಿನೊಡನೆ ರದ್ದಿಗೆ ಹೋಗುತ್ತವೆ. ಇಂದು ಅವನ್ನು ಹುಡುಕಿ ಸಂಗ್ರಹಿಸುವವರಿದ್ದಾರೆ.

ಕೊಳ್ಳುವವನಿಗೆ ಇದೆಲ್ಲ ತಿಳಿದಿದ್ದು, ಅವನು ಬಾಯಿ ಬಿಡದಿದ್ದರೆ ಅದು ದೋಷವೇ?

ದೇಶದ ಕಾನೂನನ್ನು ಕೇಳಿದರೆ ಉತ್ತರ ಬಹುಪಾಲು ಅವನ ಪರವಾಗಿದೆ. 1872ರ ಭಾರತೀಯ ಕರಾರು ಅಧಿನಿಯಮದ 17ನೆಯ ಪ್ರಕರಣದ ವಿವರಣೆಯಂತೆ ಬರಿಯ ಮೌನ ವಂಚನೆಯಾಗದು. ಹೇಳಲೇಬೇಕಾದ ಕರ್ತವ್ಯವಿರುವಲ್ಲಿ, ಅಥವಾ ಮೌನವೇ ಮಾತಿಗೆ ಸಮನಾಗುವಲ್ಲಿ ಮಾತ್ರ ಅದು ವಂಚನೆ. 25ನೆಯ ಪ್ರಕರಣದಂತೆ ಬೆಲೆ ಕಡಿಮೆಯಾಯಿತೆಂಬ ಒಂದೇ ಕಾರಣಕ್ಕೆ ಕರಾರು ಬಿದ್ದುಹೋಗುವುದಿಲ್ಲ. ಸ್ವಾರಸ್ಯವಿರುವುದು ಇನ್ನೊಂದು ಅಧಿನಿಯಮದಲ್ಲಿ. 1882ರ ಸ್ವತ್ತು ಹಸ್ತಾಂತರ ಅಧಿನಿಯಮದ 55ನೆಯ ಪ್ರಕರಣವು ಭೂಮಿ, ಮನೆಗಳ ಕ್ರಯದಲ್ಲಿ ಕೊಳ್ಳುವವನ ಮೇಲೂ ಒಂದು ಹೊಣೆ ಹೊರಿಸುತ್ತದೆ. ಮಾರುವವನಿಗೆ ಆ ಸ್ವತ್ತಿನಲ್ಲಿರುವ ಹಕ್ಕಿನ ಸ್ವರೂಪದ ಬಗ್ಗೆ ಅವನಿಗೇ ತಿಳಿಯದ, ಆದರೆ ಕೊಳ್ಳುವವನಿಗೆ ತಿಳಿದ, ಬೆಲೆಯನ್ನು ಗಣನೀಯವಾಗಿ ಹೆಚ್ಚಿಸುವ ಸಂಗತಿಯನ್ನು ಕೊಳ್ಳುವವನು ತಿಳಿಸಬೇಕು. ನಿವೇಶನದ ವಿಷಯದಲ್ಲಿ ಇಷ್ಟು ನಿಷ್ಠುರವಾದ ಕಾನೂನು ಕಂಚಿನ ತಟ್ಟೆಯ ವಿಷಯದಲ್ಲಿ ಸುಮ್ಮನಿದೆ. ತಟ್ಟೆ ಮಾರುವ ವೃದ್ಧೆಗೆ ನ್ಯಾಯಾಲಯದ ಮೆಟ್ಟಿಲು ಹತ್ತುವ ಶಕ್ತಿಯಾದರೂ ಎಲ್ಲಿಯದು?

ಧರ್ಮಶಾಸ್ತ್ರ ಸುಮ್ಮನಿಲ್ಲ. ಕೊಂಡ ಅಥವಾ ಮಾರಿದ ಮೇಲೆ ಪಶ್ಚಾತ್ತಾಪವಾದರೆ ಹತ್ತು ದಿನಗಳೊಳಗೆ ವಸ್ತುವನ್ನು ಹಿಂದಿರುಗಿಸಬಹುದು ಅಥವಾ ಹಿಂಪಡೆಯಬಹುದೆಂದು ಮನುಸ್ಮೃತಿಯ ಎಂಟನೆಯ ಅಧ್ಯಾಯ ವಿಧಿಸುತ್ತದೆ. ಈ ಅವಕಾಶ ಕೊಂಡವನಿಗೆ ಮಾತ್ರವಲ್ಲ, ಮಾರಿದವನಿಗೂ ಇದೆ ಎಂಬುದು ಗಮನಾರ್ಹ. ಯಾಜ್ಞವಲ್ಕ್ಯ ಸ್ಮೃತಿಯು ಒಡೆಯನಲ್ಲದವನು ಮಾರಿದ ಸೊತ್ತಿನ ಪ್ರಸಂಗದಲ್ಲಿ, ಗುಟ್ಟಾಗಿ, ಹೊತ್ತಲ್ಲದ ಹೊತ್ತಿನಲ್ಲಿ, ತೀರ ಕಡಿಮೆ ಬೆಲೆಗೆ ಕೊಂಡವನನ್ನು ಕಳ್ಳನ ಸಾಲಿನಲ್ಲಿ ನಿಲ್ಲಿಸುತ್ತದೆ. ಆ ಮಾತು ಕಳವಿನ ಮಾಲನ್ನು ಕುರಿತದ್ದು ನಿಜ. ಆದರೂ ಅತಿಯಾದ ಅಗ್ಗ ಕೊಳ್ಳುವವನಲ್ಲಿ ಶಂಕೆ ಹುಟ್ಟಿಸಬೇಕೆಂಬ ದೃಷ್ಟಿ ಅಲ್ಲಿದೆ. ಮಹಾಭಾರತದ ಶಾಂತಿಪರ್ವದಲ್ಲಿ ಜಾಜಲಿಯಂಥ ತಪಸ್ವಿಗೆ ಧರ್ಮ ಬೋಧಿಸಿದವನು ಕಾಶಿಯ ವ್ಯಾಪಾರಿ ತುಲಾಧಾರ. ಎಲ್ಲರಿಗೂ ಸಮನಾದ ತಕ್ಕಡಿಯೇ ಅವನ ವ್ರತ.

ಬೇರೆ ಜನಾಂಗಗಳಲ್ಲಿಯೂ ಈ ವಿಚಾರ ನಡೆದಿದೆ. ಯಹೂದ್ಯರ ಗುರು ಶಿಮೋನ್ ಬೆನ್ ಶೆತಾಹರಿಗೆ ಶಿಷ್ಯರು ಒಂದು ಕತ್ತೆಯನ್ನು ಕೊಂಡು ತಂದರು; ಅದರ ಕೊರಳಲ್ಲಿ ರತ್ನವೊಂದು ಸಿಕ್ಕಿತು. ಮಾರಿದವನಿಗೆ ಇದು ಗೊತ್ತೇ ಎಂದು ಗುರು ಕೇಳಿದರು. ಇಲ್ಲವೆಂದಾಗ ಹಿಂದಿರುಗಿಸಲು ಹೇಳಿದರು. ರೋಮಿನ ಸಿಸೆರೋ ಕ್ರಿ.ಪೂ. 44ರಲ್ಲಿ ಬರೆದ ಕರ್ತವ್ಯವಿಚಾರದ ಗ್ರಂಥದಲ್ಲಿ ಸ್ಕೇವೋಲನೆಂಬ ಗೃಹಸ್ಥನ ಕಥೆಯಿದೆ. ಹೊಲದ ಒಡೆಯನು ಹೇಳಿದ ಬೆಲೆ ಕಡಿಮೆಯೆಂದು ಕಂಡು ಅವನು ತಾನಾಗಿಯೇ ಒಂದು ಲಕ್ಷ ನಾಣ್ಯ ಹೆಚ್ಚು ಕೊಟ್ಟನು. ಸಜ್ಜನನ ಕೆಲಸವೆಂದು ಎಲ್ಲರೂ ಒಪ್ಪಿದರಂತೆ. ಜಾಣನ ಕೆಲಸವಲ್ಲವೆಂದೂ ಕೆಲವರು ಹೇಳಿದರಂತೆ. ಎರಡು ಸಾವಿರ ವರ್ಷಗಳಾದರೂ ಆ ಕೆಲವರ ವಂಶ ಕ್ಷೀಣಿಸಿಲ್ಲ.

ಈ ಎರಡು ಕಥೆಗಳಿಗೂ ಒಂದು ಭೇದವಿದೆ. ಕತ್ತೆಯ ಕೊರಳಿನ ರತ್ನವನ್ನು ಯಾರೂ ಮಾರಲೇ ಇಲ್ಲ. ಕೊಂಡ ಹಳೆಯ ಪೆಟ್ಟಿಗೆಯ ಅರೆಯಲ್ಲಿ ಚಿನ್ನದ ನಾಣ್ಯ ಸಿಕ್ಕರೆ ಅದೂ ಹಾಗೆಯೇ. ಅದನ್ನು ಮರಳಿಸುವುದರಲ್ಲಿ ಚರ್ಚೆಗೆ ಎಡೆಯಿಲ್ಲ. ಹೊಲವನ್ನಾದರೋ ಒಡೆಯನು ತಿಳಿದೇ ಮಾರಿದನು. ಅದರ ಬೆಲೆ ಮಾತ್ರ ತಿಳಿಯಲಿಲ್ಲ. ಕಂಚಿನ ತಟ್ಟೆ, ಜರಿಯ ಸೀರೆ, ರವಿವರ್ಮನ ಪಟ, ಇವೆಲ್ಲ ಈ ಎರಡನೆಯ ವರ್ಗದವು. ಕಷ್ಟವಿರುವುದೂ ಇಲ್ಲಿಯೇ.

ಕೊಳ್ಳುವವನ ವಾದವನ್ನೂ ಕೇಳಬೇಕು. ವಸ್ತುಜ್ಞಾನ ಬಿಟ್ಟಿ ಬಂದದ್ದಲ್ಲ. ಹತ್ತು ಕೊಂಡಾಗ ಒಂಬತ್ತು ಸುಳ್ಳಾಗಬಹುದು. ಅಂಗಡಿಗೆ ಬಾಡಿಗೆಯಿದೆ, ಗಿರಾಕಿಗಾಗಿ ವರ್ಷಗಟ್ಟಲೆ ಕಾಯಬೇಕಿದೆ. ಅವನು ಕೊಳ್ಳದಿದ್ದರೆ ಆ ಕಂಚು ಮೂಸೆಯಲ್ಲಿ ಕರಗಿಹೋಗುತ್ತಿತ್ತು. ಈ ವಾದದಲ್ಲಿ ಹುರುಳಿದೆ. ಮುಂಬಯಿಯ ಚೋರ್ ಬಜಾರಿನಲ್ಲಿಯೋ, ಹೈದರಾಬಾದಿನ ಆಬಿಡ್ಸ್‌ನ ಭಾನುವಾರದ ಪುಸ್ತಕದ ಸಾಲಿನಲ್ಲಿಯೋ, ರಾಶಿ ಹಾಕಿ ಮಾರುವ ವರ್ತಕನಿಂದ ವಿದ್ವಾಂಸನೊಬ್ಬನು ಅಪೂರ್ವ ಗ್ರಂಥವನ್ನು ಹತ್ತಾರು ರೂಪಾಯಿಗೆ ಹೆಕ್ಕಿದರೆ ಅದರಲ್ಲಿ ದೋಷವೆಣಿಸಬೇಕಾಗಿಲ್ಲ. ಆ ವರ್ತಕನು ಅರಿಯುವ ಅವಕಾಶವಿದ್ದೂ ರಾಶಿಯ ವ್ಯಾಪಾರವನ್ನೇ ಆರಿಸಿಕೊಂಡವನು. ಆದರೆ ವೃದ್ಧೆಯೊಬ್ಬರು ತಟ್ಟೆಯನ್ನು ಮುಂದಿಟ್ಟು, “ನೀನೇ ಹೇಳಪ್ಪ, ಇದಕ್ಕೆ ಎಷ್ಟು ಬಂದೀತು?” ಎಂದು ಕೇಳಿದ ಕ್ಷಣ ವ್ಯಾಪಾರದ ಸ್ವರೂಪವೇ ಬದಲಾಗುತ್ತದೆ. ಅವರು ತಮ್ಮ ತಕ್ಕಡಿಯನ್ನೂ ಕೊಳ್ಳುವವನ ಕೈಗೇ ಕೊಟ್ಟಿದ್ದಾರೆ. “ಬರೀ ಹಿತ್ತಾಳೆ, ಅಮ್ಮ” ಎಂದರೆ ಸುಳ್ಳು. ಸುಮ್ಮನೆ ತಲೆಯಾಡಿಸಿದರೂ ಸುಳ್ಳೇ. ಕೇಳಿದವನು ಅಪರಿಚಿತ ಗುಜರಿಯವನಾಗಿರದೆ ದೂರದ ಬಂಧುವೋ, ಮಠಕ್ಕೆ ಬರುವ ಸಹಭಕ್ತನೋ ಆಗಿದ್ದರೆ, ಅಲ್ಲಿ ಹೇಳಬೇಕಾದ ಕರ್ತವ್ಯವನ್ನು ವಿಶ್ವಾಸವೇ ಹುಟ್ಟಿಸಿರುತ್ತದೆ. ಪರಿಶ್ರಮದ ಫಲ ಬೇಕಾದರೆ ಅದಕ್ಕೆ ದಾರಿಯಿದೆ. ಇದು ಇಂಥ ವಸ್ತು, ಗಿರಾಕಿ ಸಿಕ್ಕರೆ ಇಷ್ಟು ಬಂದೀತು, ಹುಡುಕುವ ಶ್ರಮಕ್ಕೆ ಇಷ್ಟು ಪಾಲು ಎಂದು ಮೊದಲೇ ಹೇಳಬಹುದು. ಹೀಗೆ ಹೇಳಿಯೂ ಲಾಭ ಮಾಡುವ ವರ್ತಕರಿದ್ದಾರೆ.

ಈಶಾವಾಸ್ಯದ ಮೊದಲ ಮಂತ್ರವನ್ನು ವ್ಯಾಖ್ಯಾನಿಸುವಾಗ ಶ್ರೀಮದಾಚಾರ್ಯರು ಭಗವಂತನು ಕೊಟ್ಟದ್ದರಿಂದಲೇ ಜೀವಿಸಬೇಕು, ಅನ್ಯರನ್ನು ಯಾಚಿಸಬಾರದು ಎಂಬ ಅರ್ಥವನ್ನು ತೋರಿದ್ದಾರೆ. ಅಗ್ಗಕ್ಕೆ ದಕ್ಕಿದ್ದನ್ನು ‘ದೇವರು ಕೊಟ್ಟ’ ಎಂದು ಹೇಳಿಕೊಳ್ಳುವ ರೂಢಿ ಎಲ್ಲೆಡೆ ಇದೆ. ಮಾರಿದವರ ಎದುರಿನಲ್ಲಿಯೂ ಅದೇ ಮಾತನ್ನು ಆಡಲು ಸಾಧ್ಯವೇ ಎಂದು ಪರೀಕ್ಷಿಸಿಕೊಳ್ಳಬಹುದು.

ಹಸ್ತಪ್ರತಿಗಳ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ತುಳು ಲಿಪಿಯ, ನಂದಿನಾಗರಿಯ ಓಲೆಗರಿಗಳು ಕೆಲವು ಮನೆಗಳ ಅಟ್ಟದಲ್ಲಿ ಇನ್ನೂ ಉಳಿದಿರಬಹುದು. ಓದಲು ಬಾರದವರಿಗೆ ಅವು ಕಸ. ತಂಜಾವೂರು ಪ್ರಾಂತದ ಪಂಡಿತರೊಬ್ಬರು 1905ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಒಪ್ಪಿಸಿದ ಓಲೆಗರಿಯ ಕಟ್ಟೇ ಕೌಟಿಲ್ಯನ ಅರ್ಥಶಾಸ್ತ್ರ, ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅದನ್ನು ಪ್ರಕಟಿಸಿದರು. 1972ರ ಪುರಾತನ ವಸ್ತುಗಳ ಅಧಿನಿಯಮದಂತೆ ಸಾಹಿತ್ಯಿಕ ಅಥವಾ ಐತಿಹಾಸಿಕ ಮೌಲ್ಯವುಳ್ಳ 75 ವರ್ಷಗಳಷ್ಟು ಹಳೆಯ ಹಸ್ತಪ್ರತಿಯೂ ಪುರಾತನ ವಸ್ತುವೇ. ಅದರ ವ್ಯಾಪಾರ ನಡೆಸಲು ಪರವಾನಗಿ ಬೇಕು. ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ಕಟ್ಟು ಬಿಚ್ಚದೆ, ಎಣ್ಣೆ ಹಚ್ಚದೆ, ಮೊದಲು ಲಿಪಿ ಬಲ್ಲವರಿಗೆ ತೋರಿಸುವುದು ಲೇಸು. ಪುಣೆಯವರಿಗೆ ಭಾಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನ ಮಂದಿರ ಸಮೀಪದಲ್ಲಿಯೇ ಇದೆ.

ಮನೆಯ ಹಿರಿಯರು ಗಟ್ಟಿಯಾಗಿರುವಾಗಲೇ ಒಂದು ನೋಟುಪುಸ್ತಕದಲ್ಲಿ ಯಾವ ತಟ್ಟೆ ಕಂಚಿನದು, ಯಾವ ಸೀರೆಯ ಜರಿ ಅಸಲಿನದು, ಯಾವ ಪಟ ಯಾರಿಂದ ಬಂದದ್ದು ಎಂದು ಬರೆದಿಡುವುದು ಕಷ್ಟದ ಕೆಲಸವಲ್ಲ. ಒಂದು ಪ್ರತಿ ದೇವರ ಕೋಣೆಯ ಪೆಟ್ಟಿಗೆಯಲ್ಲಿರಲಿ. ಇನ್ನೊಂದು ದೂರದಲ್ಲಿರುವ ಮಕ್ಕಳ ಬಳಿಯಿರಲಿ.

॥ ಶ್ರೀಕೃಷ್ಣಾರ್ಪಣಮಸ್ತು ॥